ಕಷ್ಟಕಾಲವೂ ದೇವರ ಚಿತ್ತವೂ



ಕ್ರೈಸ್ತರ ಮನೆಗಳಲ್ಲಿ ಸಾವುನೋವು ಸಂಭವಿಸಿದಾಗ ಒಂದು ಮಾತು ಬಹು ಬೇಗನೆ ಕೇಳಿಬರುವುದುಂಟು. ಅದೇನಂದರೆ, "ಇದು ದೇವರ ಚಿತ್ತ, ಸಹಿಸಿಕೊಳ್ಳಿರಿ" ಎಂಬುದು. ದೇವರು ತನ್ನ ಮಕ್ಕಳ ಕಣ್ಣೀರನ್ನು ವ್ಯರ್ಥವಾಗಲು ಬಿಡುವವನಲ್ಲವೆಂಬುದು ನಮ್ಮ ನಂಬಿಕೆಯ ಅಸ್ತಿವಾರವಷ್ಟೆ. ಆದಕಾರಣ ಈ ಮಾತು ಸುಳ್ಳೆಂದು ನಾನು ಹೇಳಲಾರೆನು. ಆದರೆ ಇದನ್ನು ಯಾರು ಆಡತಕ್ಕದ್ದು, ಯಾವಾಗ ಆಡತಕ್ಕದ್ದು ಎಂಬ ವಿಷಯವಾಗಿ ನಾವು ಸಾಕಷ್ಟು ಆಲೋಚಿಸಿಲ್ಲವೆಂದು ನನಗೆ ತೋರುತ್ತದೆ.

ಯೋಸೇಫನ ಚರಿತ್ರೆಯನ್ನು ನಮ್ಮ ಚಿಕ್ಕ ತರಗತಿಯ ಮಕ್ಕಳೂ ಬಲ್ಲರು. 17 ವರುಷ ಪ್ರಾಯದ ತಮ್ಮನನ್ನು ಅಣ್ಣಂದಿರು ಗುಂಡಿಯಲ್ಲಿ ಹಾಕಿ, ಬಳಿಕ 20 ಬೆಳ್ಳಿ ನಾಣ್ಯಗಳಿಗೆ ಮಾರಿದರು. ಅವನು ಐಗುಪ್ತದಲ್ಲಿ ದಾಸನಾದನು, ಸೆರೆಯಾಳಾದನು. 30ನೆಯ ವಯಸ್ಸಿನಲ್ಲಿ ಫರೋಹನ ಮುಂದೆ ನಿಂತನು. ಅಣ್ಣಂದಿರು ಕಲ್ಪಿಸಿದ ಕೇಡನ್ನು ದೇವರು ಮೇಲಿಗಾಗಿ ತಿರುಗಿಸಿದನೆಂದು ಬಹುಕಾಲದ ಮೇಲೆ ಹೇಳಿದವನಾರು? ಕಷ್ಟಪಟ್ಟ ಯೋಸೇಫನೇ. ಆಗಲೂ ಅವನು ಕೇಡನ್ನು ಕೇಡೆಂದೇ ಕರೆದನು. ಅದೇ ಮಾತನ್ನು ಅಣ್ಣಂದಿರು ಗುಂಡಿಯ ಬಳಿಯಲ್ಲಿ ನಿಂತು ಒಳಗಿದ್ದವನಿಗೆ ಹೇಳಿದ್ದರೆ, ಅದು ಸಾಕ್ಷಿಯಾಗದೆ ಕ್ರೌರ್ಯವಾಗುತ್ತಿತ್ತಲ್ಲವೇ?

ಇನ್ನು ಯೋಬನನ್ನು ನೋಡಿರಿ. ಮಕ್ಕಳು ಸತ್ತು, ಆಸ್ತಿ ಹೋಗಿ, ಮೈಯೆಲ್ಲಾ ಹುಣ್ಣಾಗಿ ಬೂದಿಯಲ್ಲಿ ಕುಳಿತವನ ಬಳಿಗೆ ಮೂವರು ಸ್ನೇಹಿತರು ಬಂದರು. 7 ದಿನ ಹಗಲಿರುಳು ಮಾತಿಲ್ಲದೆ ಅವನೊಂದಿಗೆ ನೆಲದ ಮೇಲೆ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ಕಾರಣ ವಿವರಿಸತೊಡಗಿದ ಮೇಲೆ ಅವನ ನೋವು ಇಮ್ಮಡಿಯಾಯಿತು. ಕಡೆಯಲ್ಲಿ ದೇವರು ಕೋಪಗೊಂಡದ್ದು ಗೋಳಾಡಿ ತರ್ಕಿಸಿದ ಯೋಬನ ಮೇಲಲ್ಲ, ದೇವರ ಪಕ್ಷ ವಹಿಸಿ ವಾದಿಸಿದೆವೆಂದುಕೊಂಡ ಈ ಸ್ನೇಹಿತರ ಮೇಲೆ. ಮತ್ತೊಂದು ಸಂಗತಿಯನ್ನು ಗಮನಿಸಿರಿ. ಪರಲೋಕದಲ್ಲಿ ನಡೆದ ಸಂಭಾಷಣೆಯು ಓದುವ ನಮಗೆ ಮೊದಲನೆಯ ಅಧ್ಯಾಯದಲ್ಲಿಯೇ ತಿಳಿಯುತ್ತದೆ. ಯೋಬನಿಗಾದರೋ ಅದು ಕಡೆಯ ವರೆಗೂ ತಿಳಿಸಲ್ಪಡಲಿಲ್ಲ. ಕಾರಣವನ್ನು ಅರಿಯದೆಯೇ ಅವನು ದೇವರನ್ನು ಹಿಡಿದುಕೊಂಡನು. ಭರವಸವೆಂಬುದು ಇದೇ.

ಹುಟ್ಟುಕುರುಡನನ್ನು ಕಂಡು ಶಿಷ್ಯರು, ಇದು ಯಾರ ಪಾಪದ ಫಲವೆಂದು ವಿಚಾರಿಸಿದರು. ಯೇಸು ಸ್ವಾಮಿಯು ಆ ಲೆಕ್ಕಾಚಾರವನ್ನು ತಳ್ಳಿಹಾಕಿ, ದೇವರ ಕ್ರಿಯೆಯು ಅವನಲ್ಲಿ ತೋರಬೇಕೆಂದು ಹೇಳಿ, ಒಡನೆಯೇ ಕೆಸರು ಮಾಡಿ ಅವನ ಕಣ್ಣುಗಳಿಗೆ ಹಚ್ಚಿದನು. ದೇವರ ಉದ್ದೇಶವನ್ನು ಕುರಿತು ಮಾತಾಡಿದ ಬಾಯಿಗೆ ತಕ್ಕಂತೆ ಕೈಯೂ ಕೆಲಸ ಮಾಡಿತು.

ನಮ್ಮ ಕಾಲದ ಒಂದು ದೃಷ್ಟಾಂತವನ್ನೂ ಹೇಳುವೆನು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾಕ್ಟರ್ ಮೇರಿ ವರ್ಗೀಸ್ ಎಂಬವರು 1954ರಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕಿ ಎರಡು ಕಾಲುಗಳ ಸ್ವಾಧೀನವನ್ನು ಕಳೆದುಕೊಂಡರು. ಆಗ ಅವರು ಹರೆಯದ ವೈದ್ಯೆ. ಕುಷ್ಠರೋಗಿಗಳ ಕೈಗಳನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಯನ್ನು ಕುಳಿತೇ ಮಾಡಬಹುದೆಂದು ಡಾಕ್ಟರ್ ಪಾಲ್ ಬ್ರ್ಯಾಂಡ್ ಅವರು ದಾರಿ ತೋರಿಸಿದರು. ಮೇರಿಯವರು ಗಾಲಿಕುರ್ಚಿಯಲ್ಲಿ ಕುಳಿತು ಆ ಕೆಲಸವನ್ನು ಕಲಿತರು. ಮುಂದೆ ಅಮೇರಿಕದಲ್ಲಿ ತರಬೇತಿ ಹೊಂದಿ ಹಿಂತಿರುಗಿ, ಅಂಗವಿಕಲರಾದವರನ್ನು ಪುನಃ ಜೀವನಕ್ಕೆ ಅಣಿಗೊಳಿಸುವ ವಿಭಾಗವನ್ನು ವೆಲ್ಲೂರಿನಲ್ಲಿ ಕಟ್ಟಿ ಬೆಳೆಸಿದರು. 1972ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. 1986ರಲ್ಲಿ ಅವರು ತೀರಿಕೊಂಡರು. ಆ ಅಪಘಾತವು ಒಳ್ಳೆಯದೆಂದು ಯಾರೂ ಹೇಳಬೇಕಾಗಿಲ್ಲ. ಹಾಸಿಗೆ ಹಿಡಿದಿದ್ದ ಆ ತರುಣಿಗೆ ಹೊಸ ದಾರಿಯನ್ನು ತೆರೆದದ್ದು, ಒಬ್ಬರು ಆಕೆಯ ಕೈಗೆ ಒದಗಿಸಿದ ಕೆಲಸವು.

ಈ ವಿಷಯವನ್ನು ಹೆಣ್ಣುಮಕ್ಕಳ ಪಾಠಶಾಲೆಯ ಪುಸ್ತಕದಲ್ಲಿ ಬರೆಯುವುದಕ್ಕೆ ವಿಶೇಷ ಕಾರಣವುಂಟು. ಗಂಡನಿಂದ ಪೆಟ್ಟು ತಿಂದು ತವರಿಗೆ ಬಂದವಳಿಗೆ, "ಇದು ನಿನ್ನ ಶಿಲುಬೆ, ಹೊತ್ತುಕೊಳ್ಳಮ್ಮಾ" ಎಂದು ಬುದ್ಧಿ ಹೇಳಿ ಹಿಂದಕ್ಕೆ ಕಳುಹಿಸುವ ಹಿರಿಯರು ನಮ್ಮ ಸಭೆಗಳಲ್ಲಿ ಇಲ್ಲವೆನ್ನಲಾಗದು. ಕ್ರಿಸ್ತನು ತನ್ನ ಶಿಲುಬೆಯನ್ನು ತಾನೇ ಮನಃಪೂರ್ವಕವಾಗಿ ಹೊತ್ತನು. ಒಬ್ಬನ ದುಷ್ಟತನವನ್ನು ಮತ್ತೊಬ್ಬಳ ಹೆಗಲಿಗೆ ಏರಿಸಿ ಅದಕ್ಕೆ ಶಿಲುಬೆಯೆಂದು ಹೆಸರಿಡುವುದು ದೇವರ ನಾಮವನ್ನು ವ್ಯರ್ಥವಾಗಿ ಎತ್ತಿದಂತೆಯೇ ಸರಿ. ಇಂಥವಳನ್ನು ಕಾಪಾಡುವುದಕ್ಕೆ ದೇಶವು 2005ರಲ್ಲಿ ಕಾನೂನನ್ನೇ ಮಾಡಿರುವಾಗ, ಸಭೆಯವರ ಕರುಣೆಯು ಕಾನೂನಿಗಿಂತ ಕಡಿಮೆಯಾಗಬಾರದು.

ಹಾಗಾದರೆ ದುಃಖಪಡುವವರ ಮನೆಗೆ ಹೋದಾಗ ನಾವು ಮಾಡತಕ್ಕದ್ದೇನು? ಪಕ್ಕದಲ್ಲಿ ಕುಳಿತುಕೊಳ್ಳಿರಿ. ಒಲೆ ಹಚ್ಚಿ ಗಂಜಿ ಕಾಯಿಸಿರಿ. ಮಕ್ಕಳಿಗೆ ತಲೆ ಬಾಚಿ ಶಾಲೆಗೆ ಕಳುಹಿಸಿರಿ. ಅನ್ಯಾಯವಾಗಿದ್ದರೆ ಅವರ ಪರವಾಗಿ ನಿಂತು ಮಾತಾಡಿರಿ. ಅವರು ಅತ್ತರೆ ನಂಬಿಕೆ ಸಾಲದೆಂದು ಗದರಿಸಬೇಡಿರಿ. ಲಾಜರನ ಸಮಾಧಿಗೆ ಹೋಗುವಾಗ, ಅವನನ್ನು ಎಬ್ಬಿಸುವೆನೆಂದು ಬಲ್ಲ ಕರ್ತನೂ ಅತ್ತನು.

ದೇವರ ಚಿತ್ತವೆಂಬ ಮಾತು ಗೆತ್ಸೆಮನೆಯಲ್ಲಿ ಹುಟ್ಟಿದ ರೀತಿಯನ್ನು ಮರೆಯದಿರೋಣ. ಕಷ್ಟದ ಪಾತ್ರೆಯು ತನ್ನಿಂದ ತೊಲಗಲೆಂದು ಕರ್ತನು ಮೊದಲು ಬೇಡಿಕೊಂಡನು. ಬಳಿಕ ತನ್ನನ್ನು ತಂದೆಯ ಚಿತ್ತಕ್ಕೆ ಒಪ್ಪಿಸಿದನು. ಆ ಮಾತನ್ನಾಡಿದವನು ಕಷ್ಟಪಡುತ್ತಿದ್ದಾತನೇ. ಸ್ನೇಹಿತರಿಂದ ಆತನು ಕೇಳಿದ್ದು ವಿವರಣೆಯನ್ನಲ್ಲ, ತನ್ನ ಸಂಗಡ ಎಚ್ಚರವಾಗಿರಬೇಕೆಂಬುದನ್ನು. ಅವರು ನಿದ್ರೆಹೋದರು. ನಾವು ಎಚ್ಚರವಾಗಿರುವ ಹಾಗೆ ದೇವರು ನಮಗೆ ಕೃಪೆ ಮಾಡಲಿ.