‘ನ್ಯಾಯ ಒದಗಿಸಿಲ್ಲ’ ಎನ್ನುವವರಿಗೆ

ಕನ್ನಡದ ಕಾದಂಬರಿಯೊಂದು ಸಿನಿಮಾ ಆಯಿತೆಂದರೆ ಅದರ ವಿಮರ್ಶೆ ಹೇಗಿರುತ್ತದೆ ಎಂದು ನಾನು ಓದದೆಯೇ ಹೇಳಬಲ್ಲೆ. ಮೊದಲ ಪ್ಯಾರಾದಲ್ಲಿ ಕಾದಂಬರಿಯ ಗುಣಗಾನ. ಎರಡನೆಯದರಲ್ಲಿ ಛಾಯಾಗ್ರಹಣ ಪರವಾಗಿಲ್ಲ, ಹಿನ್ನೆಲೆ ಸಂಗೀತ ಹಿತವಾಗಿದೆ ಎಂಬ ಸಮಾಧಾನ. ಕೊನೆಯದರಲ್ಲಿ ತೀರ್ಪು: ನಿರ್ದೇಶಕರು ಮೂಲ ಕೃತಿಗೆ ನ್ಯಾಯ ಒದಗಿಸಿಲ್ಲ. ಇದನ್ನು ಓದಿದಾಗೆಲ್ಲ ನನಗೆ ಕೇಳಬೇಕೆನಿಸುತ್ತದೆ, ಮೂಲ ಕೃತಿ ಯಾವಾಗ ಕೋರ್ಟಿಗೆ ಹೋಗಿತ್ತು ಸ್ವಾಮಿ? ವಕಾಲತ್ತು ವಹಿಸಲು ನಿಮಗೆ ಹೇಳಿದವರು ಯಾರು?

ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ. ಫರೀದಾಬಾದಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿಕೊಂಡು, ರಜೆ ಸಿಕ್ಕಾಗ ವಯೊಲೆಟ್ ಲೈನ್ ಮೆಟ್ರೋ ಹತ್ತಿ ಮಂಡಿ ಹೌಸಿಗೆ ನಾಟಕ ನೋಡಲು ಹೋಗಿ, ಮಿಕ್ಕ ರಾತ್ರಿಗಳನ್ನು ಸಿನಿಮಾಕ್ಕೆ ಕೊಟ್ಟುಬಿಟ್ಟ ಮನುಷ್ಯ. ಊರಿನಿಂದ ತಂದ ಎರಡು ರಟ್ಟಿನ ಡಬ್ಬದ ತುಂಬ ಕನ್ನಡ ಪುಸ್ತಕಗಳೂ ಇವೆ. ಈ ಮೂರರಲ್ಲಿ ಯಾವುದನ್ನೂ ಬಿಟ್ಟುಕೊಡಲಾರದವನಾಗಿ ಹೇಳುತ್ತಿದ್ದೇನೆ: ‘ನ್ಯಾಯ’ದ ಈ ಮಾತು ಕನ್ನಡ ಸಿನಿಮಾಕ್ಕೆ ಕೆಡುಕು ಮಾಡಿದೆ, ಕನ್ನಡ ಸಾಹಿತ್ಯಕ್ಕೂ ಮಾಡಿದೆ. ನಮ್ಮಂತೆ ಊರು ಬಿಟ್ಟು ಬಂದವರಿಗೆ ಅದರ ನಷ್ಟ ಇನ್ನೂ ಹೆಚ್ಚು.

ಮೊದಲು ‘ಮೂಲ’ದ ವಿಷಯಕ್ಕೇ ಬರೋಣ. ನಮ್ಮ ಪಂಪ ವ್ಯಾಸರಿಗೆ ನ್ಯಾಯ ಒದಗಿಸಿದನೇ? ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಬೆರೆಸಿದ, ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯಾಗಿಸಿದ. ಕುವೆಂಪು ಹ್ಯಾಮ್ಲೆಟ್‌ನ ಕತೆಯನ್ನು ಡೆನ್ಮಾರ್ಕಿನಿಂದ ಎತ್ತಿ ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದರು. ಶೇಕ್ಸ್‌ಪಿಯರನ ‘ಟೆಂಪೆಸ್ಟ್’ ಅವರ ಕೈಯಲ್ಲಿ ‘ಬಿರುಗಾಳಿ’ಯಾಯಿತು. ಬಿ.ವಿ. ಕಾರಂತರು 1979ರಲ್ಲಿ ಇದೇ ದೆಹಲಿಯಲ್ಲಿ, ಎನ್‌ಎಸ್‌ಡಿ ರೆಪರ್ಟರಿಯ ಹಿಂದಿ ನಟರಿಗೆ ಯಕ್ಷಗಾನದ ಹೆಜ್ಜೆ ಹಾಕಿಸಿ ಮ್ಯಾಕ್‌ಬೆತ್‌ನನ್ನು ‘ಬರ್ನಮ್ ವನ’ ಮಾಡಿದರು. ಆಗ ನಾವು ಎದೆ ಉಬ್ಬಿಸಿಕೊಂಡೆವು, ಇವತ್ತಿಗೂ ಉಬ್ಬಿಸಿಕೊಳ್ಳುತ್ತೇವೆ. ಶೇಕ್ಸ್‌ಪಿಯರನನ್ನು ಕಡಲ ತೀರಕ್ಕೆ ತಂದು ಕುಣಿಸಿದರೆ ಪ್ರತಿಭೆ, ಕುವೆಂಪು ಕಾದಂಬರಿಯ ಒಂದು ಅಧ್ಯಾಯ ಕೈಬಿಟ್ಟರೆ ಅಪಚಾರ! ಇದೆಂಥ ಲೆಕ್ಕ?

ಇನ್ನು ಸಿನಿಮಾದ ಲೆಕ್ಕ ನೋಡಿ. ರಾಷ್ಟ್ರಪ್ರಶಸ್ತಿಗಳಲ್ಲಿ ವರ್ಷದ ಅತ್ಯುತ್ತಮ ಚಿತ್ರ ಎಂಬ ಮೊದಲ ಸ್ಥಾನ ಕನ್ನಡಕ್ಕೆ ಈವರೆಗೆ ಆರು ಸಲ ಸಿಕ್ಕಿದೆ: ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕತೆ’, ‘ತಾಯಿ ಸಾಹೇಬ’, ‘ದ್ವೀಪ’. ಆರಕ್ಕೆ ಆರೂ ಕತೆ ಅಥವಾ ಕಾದಂಬರಿಯಿಂದ ಬಂದವು. ‘ದ್ವೀಪ’ ಬಂದು ಇಪ್ಪತ್ತು ವರ್ಷ ದಾಟಿದೆ, ಏಳನೆಯದು ಬಂದಿಲ್ಲ. ಜನಪ್ರಿಯ ಚಿತ್ರಗಳಲ್ಲೂ ಇದೇ ಕತೆ. ‘ಬಂಗಾರದ ಮನುಷ್ಯ’ ಟಿ.ಕೆ. ರಾಮರಾವ್ ಅವರ ಕಾದಂಬರಿ, ‘ಶರಪಂಜರ’ ತ್ರಿವೇಣಿಯವರದು, ‘ಗೆಜ್ಜೆಪೂಜೆ’ ಎಂ.ಕೆ. ಇಂದಿರಾ ಅವರದು. ಕನ್ನಡ ಸಿನಿಮಾ ಪುಸ್ತಕದ ಕೈ ಹಿಡಿದು ನಡೆದಾಗಲೆಲ್ಲ ದೂರ ಹೋಗಿದೆ. ಆ ಕೈ ಈಗ ಯಾಕೆ ಬಿಟ್ಟಿದೆ ಎಂದು ಕೇಳಿದರೆ ನಿರ್ಮಾಪಕರ ಲೋಭ, ನಿರ್ದೇಶಕರ ಓದಿನ ಕೊರತೆ ಎಂದೆಲ್ಲ ಹೇಳುತ್ತೇವೆ. ಅದರಲ್ಲಿ ಸತ್ಯ ಇಲ್ಲದಿಲ್ಲ. ಆದರೆ ಇಪ್ಪತ್ತೆಂಟು ವರ್ಷದ ಹುಡುಗನೊಬ್ಬ ಹಣ ಹೊಂದಿಸಿಕೊಂಡು ಪ್ರಿಯ ಕಾದಂಬರಿ ಮುಟ್ಟಲು ಹೊರಟರೆ, ಮುಹೂರ್ತದ ದಿನವೇ ‘ಹಾಳು ಮಾಡಬೇಡಪ್ಪಾ’ ಎಂದು ಹೆದರಿಸುವವರು ಯಾರು? ನಾವೇ ಅಲ್ಲವೇ?

ಲೇಖಕರ ಸಿಟ್ಟು ಬೇರೆ, ಅದನ್ನು ನಾನು ಗೌರವಿಸುತ್ತೇನೆ. ಪುಟ್ಟಣ್ಣ ಕಣಗಾಲ್ 1972ರಲ್ಲಿ ತರಾಸು ಅವರ ಮೂರು ಕಾದಂಬರಿಗಳನ್ನು ಒಟ್ಟು ಮಾಡಿ ‘ನಾಗರಹಾವು’ ಚಿತ್ರ ಮಾಡಿದರು. ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ತರಾಸು ಸಿಡಿದರೆಂಬುದು ಚಿತ್ರರಸಿಕರ ಬಾಯಲ್ಲಿ ಇವತ್ತಿಗೂ ಇರುವ ಮಾತು. ಆರ್.ಕೆ. ನಾರಾಯಣ್ ತಮ್ಮ ‘ಗೈಡ್’ ಉದಯಪುರದ ಅರಮನೆಗಳಿಗೆ ಹೊರಟುಹೋದದ್ದನ್ನು ನೋಡಿ ‘ಮಿಸ್‌ಗೈಡೆಡ್ ಗೈಡ್’ ಎಂಬ ಪ್ರಬಂಧವನ್ನೇ ಬರೆದರು. ಕಾದಂಬರಿಯ ಕೊನೆಯಲ್ಲಿ ಮಳೆ ಬಂತೋ ಇಲ್ಲವೋ ಗೊತ್ತಾಗುವುದಿಲ್ಲ, ಸಿನಿಮಾದಲ್ಲಿ ಧೋ ಎಂದು ಸುರಿಯುತ್ತದೆ. ಬರೆದವರಿಗೆ ನೋವಾಗದೆ ಇರುತ್ತದೆಯೇ? ವರ್ಷಗಟ್ಟಲೆ ಒಳಗೆ ಇಟ್ಟುಕೊಂಡಿದ್ದ ಮನುಷ್ಯನಿಗೆ ಇನ್ಯಾರದೋ ಮುಖ ಬಂದು ಕೂತಿರುತ್ತದೆ.

ಆದರೆ ಓದುಗರಾದ ನಮಗೆ ಏನು ನಷ್ಟವಾಯಿತು? ತರಾಸು ಕಾದಂಬರಿಗಳು ಅಂಗಡಿಯಲ್ಲಿವೆ. ಪುಟ್ಟಣ್ಣನ ರಾಮಾಚಾರಿ ಅವುಗಳ ಒಂದು ಅಕ್ಷರವನ್ನೂ ಅಳಿಸಿಲ್ಲ. ಬದಲಿಗೆ ಚಿತ್ರದುರ್ಗದ ಕೋಟೆಯ ಬಂಡೆಗಳು ಕನ್ನಡಿಗರ ಮನಸ್ಸಿನಲ್ಲಿ ಇನ್ನೊಂದು ಸಲ ಎದ್ದು ನಿಂತವು. ಆ ಚಿತ್ರ ನೋಡಿ ಕಾದಂಬರಿ ಹುಡುಕಿಕೊಂಡು ಹೋದವರಲ್ಲಿ ನಾನೂ ಒಬ್ಬ.

ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ‘ಗುಲಾಬಿ ಟಾಕೀಸು’. ವೈದೇಹಿಯವರ ಕತೆಯಲ್ಲಿ ಪುಟ್ಟ ಊರಿಗೆ ಸಿನಿಮಾ ಟಾಕೀಸೊಂದು ಬರುತ್ತದೆ. ಸೂಲಗಿತ್ತಿ ಲಿಲ್ಲಿಬಾಯಿ ಅದರ ಹೆಂಗಸರ ಬಾಗಿಲಲ್ಲಿ ಗೇಟ್‌ಕೀಪರ್ ಆಗಿ ನಿಲ್ಲುತ್ತಾಳೆ. ಊರ ಹೆಂಗಸರ ಲೋಕ ಸಣ್ಣಗೆ ತೆರೆದುಕೊಳ್ಳುತ್ತದೆ. 2008ರಲ್ಲಿ ಗಿರೀಶ ಕಾಸರವಳ್ಳಿ ಇದನ್ನು ಸಿನಿಮಾ ಮಾಡಿದಾಗ ಏನು ಉಳಿಸಿಕೊಂಡರು? ಹೆಸರು ಮತ್ತು ಸೂಲಗಿತ್ತಿ, ಅಷ್ಟೇ. ಲಿಲ್ಲಿಬಾಯಿ ಹೋಗಿ ಮುಸ್ಲಿಂ ಸೂಲಗಿತ್ತಿ ಗುಲಾಬಿ ಬಂದಳು. ಟಾಕೀಸಿನ ಜಾಗಕ್ಕೆ ಡಿಶ್ ಆಂಟೆನಾದ ಟಿವಿ ಬಂತು. ಕಾಲ ಕಾರ್ಗಿಲ್ ಯುದ್ಧದ ಸುತ್ತಮುತ್ತಲಿನದಾಯಿತು. ಟಿವಿ ನೋಡಲು ಒಟ್ಟಿಗೆ ಕೂರುತ್ತಿದ್ದ ಮೀನುಗಾರ ಹೆಂಗಸರ ನಡುವೆ ಧರ್ಮದ ಗೆರೆ ಮೂಡುವುದನ್ನು ಆ ಚಿತ್ರ ತೋರಿಸುತ್ತದೆ. ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಆ ಗುಲಾಬಿ ವೈದೇಹಿಯವರ ಪುಟದಲ್ಲಿ ಇಲ್ಲವೇ ಇಲ್ಲ. ಹಾಗಾದರೆ ಇದು ಅನ್ಯಾಯವೇ? ಪರದೆಯೊಂದು ಬಡ ಹೆಂಗಸರನ್ನು ಹೇಗೆ ಹತ್ತಿರ ತರುತ್ತದೆ ಎಂದು ಕತೆ ಕೇಳಿತ್ತು. ಅದೇ ಪರದೆ ಅವರನ್ನು ಹೇಗೆ ಒಡೆಯುತ್ತದೆ ಎಂದು ಸಿನಿಮಾ ಕೇಳಿತು. ಕತೆಯ ಜೊತೆ ಕೂತು ಅದರ ಮಾತನ್ನು ಮುಂದುವರಿಸುವುದು ಎಂದರೆ ಇದು.

ಇದಕ್ಕೆ ಎದುರಾಗಿ ‘ಕಾನೂರು ಹೆಗ್ಗಡಿತಿ’ ಇಟ್ಟು ನೋಡಿ. ಗಿರೀಶ ಕಾರ್ನಾಡರು 1999ರಲ್ಲಿ ಮಾಡಿದ ಚಿತ್ರ. ಅವರೇ 1973ರಲ್ಲಿ ಶ್ರೀಕೃಷ್ಣ ಆಲನಹಳ್ಳಿಯವರ ಪುಟ್ಟ ಕಾದಂಬರಿಯಿಂದ ‘ಕಾಡು’ ಮಾಡಿದಾಗ ಕಿಟ್ಟಿ ಎಂಬ ಹುಡುಗನ ಕಣ್ಣಲ್ಲಿ ಎರಡು ಊರಿನ ದ್ವೇಷ ಉಸಿರು ಬಿಗಿಹಿಡಿಸುವಂತೆ ಬಂದಿತ್ತು. ಕುವೆಂಪು ಕಾದಂಬರಿಯ ಮುಂದೆ ಮಾತ್ರ ಅದೇ ಕೈ ತುಂಬ ವಿನಯದಿಂದ ಕೆಲಸ ಮಾಡಿತು ಎಂದು ನನ್ನ ಅನಿಸಿಕೆ. ಮುಖ್ಯ ಘಟನೆಗಳೆಲ್ಲ ಬರುತ್ತವೆ, ಒಂದರ ಹಿಂದೆ ಒಂದು, ರೈಲಿನ ಬೋಗಿಗಳ ಹಾಗೆ. ಕಾದಂಬರಿಯ ಉಸಿರಾದ ಆ ಮಲೆನಾಡಿನ ನಿಧಾನಕ್ಕೆ ಜಾಗ ಸಿಗುವುದಿಲ್ಲ. ಏನನ್ನೂ ಬಿಡಲು ಮನಸ್ಸಿಲ್ಲದವನು ಯಾವುದನ್ನೂ ಪೂರ್ತಿ ತೋರಿಸಲಾರ.

ರಂಗಭೂಮಿ ಈ ವಿಷಯದಲ್ಲಿ ಸಿನಿಮಾಕ್ಕಿಂತ ಧೈರ್ಯವಂತ. ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ‘ಮಲೆಗಳಲ್ಲಿ ಮದುಮಗಳು’ ಮೊದಲು ಮೈಸೂರಿನ ರಂಗಾಯಣದಲ್ಲಿ, ಆಮೇಲೆ ಬೆಂಗಳೂರಿನ ಕಲಾಗ್ರಾಮದಲ್ಲಿ, ಸುಮಾರು ಒಂಬತ್ತು ಗಂಟೆಗಳ ಅಹೋರಾತ್ರಿ ನಾಟಕವಾಯಿತು. ಜನ ಶಾಲು ಹೊದ್ದು, ಒಂದು ರಂಗದಿಂದ ಇನ್ನೊಂದು ರಂಗಕ್ಕೆ ನಡೆದುಕೊಂಡು, ಬೆಳಗಾಗುವವರೆಗೆ ನೋಡಿದರು. ಪ್ರೇಕ್ಷಕರಿಗೆ ತಾಳ್ಮೆ ಇಲ್ಲ ಎಂಬ ಹಳೇ ನೆಪ ಅಲ್ಲಿಗೆ ಮುಗಿಯಿತು. ಒಂಬತ್ತು ಗಂಟೆಯ ವೆಬ್ ಸರಣಿಯನ್ನು ಒಂದೇ ಶನಿವಾರ ನೋಡಿ ಮುಗಿಸುವ ಈ ಕಾಲದಲ್ಲಿ ನಾಯಿಗುತ್ತಿಗೆ ಒಂದು ಸರಣಿ ಸಿಗಬಾರದೇ?

ನಾಟಕವನ್ನು ಸಿನಿಮಾ ಮಾಡುವ ಕಷ್ಟ ಇನ್ನೊಂದು ಬಗೆಯದು. ರಂಗದ ಮೇಲೆ ನಟ ‘ನಾನು ಹಾವು’ ಎಂದರೆ ಸಾಕು, ನಾವು ನಂಬುತ್ತೇವೆ. ಕ್ಯಾಮೆರಾ ನಂಬುವುದಿಲ್ಲ, ಎಲ್ಲಿ ತೋರಿಸು ಎನ್ನುತ್ತದೆ. ಹಾಗಾಗಿ ‘ನಾಗಮಂಡಲ’ ನಾಟಕವನ್ನು ಟಿ.ಎಸ್. ನಾಗಾಭರಣ 1997ರಲ್ಲಿ ಸಿನಿಮಾ ಮಾಡುವಾಗ ಮಾತಿನ ಬದಲು ಮನೆ, ಕತ್ತಲು, ಹಾಡು, ಉತ್ತರ ಕರ್ನಾಟಕದ ನುಡಿ ಇವುಗಳ ಮೇಲೆ ಭಾರ ಹಾಕಬೇಕಾಯಿತು. ಆ ಕತೆಯ ಅಕ್ಕನಂತಿರುವ, ಗಂಡನ ರೂಪದಲ್ಲಿ ದೆವ್ವ ಬರುವ ವಿಜಯದಾನ್ ದೇಥಾ ಅವರ ರಾಜಸ್ಥಾನಿ ಕತೆಯಿಂದ ಹಿಂದಿಯಲ್ಲಿ ಎರಡು ಸಿನಿಮಾ ಬಂದಿವೆ. ಮಣಿ ಕೌಲ್ ಅವರ ‘ದುವಿಧಾ’ (1973) ಮೌನದ ಚಿತ್ರ, ಅದರ ದೆವ್ವ ಕೊನೆಗೆ ಚೀಲದಲ್ಲಿ ಸಿಕ್ಕಿಬೀಳುತ್ತದೆ. ಶಾರುಖ್ ಖಾನ್ ಇರುವ ‘ಪಹೇಲಿ’ (2005) ಬಣ್ಣದ ಹಬ್ಬ, ಅಲ್ಲಿ ದೆವ್ವವೇ ಗೆಲ್ಲುತ್ತದೆ. ಎರಡರಲ್ಲಿ ಯಾವುದು ನ್ಯಾಯ? ಪ್ರಶ್ನೆಯೇ ತಪ್ಪು. ನಾನು ಎರಡನ್ನೂ ಇಷ್ಟಪಟ್ಟು ನೋಡಿದ್ದೇನೆ.

ಫರೀದಾಬಾದಿನಿಂದ ದೆಹಲಿಗೆ ಹೋಗುವಾಗ ಬದರ್‌ಪುರ ದಾಟಿದೊಡನೆ ತುಘಲಕಾಬಾದ್ ಸ್ಟೇಷನ್ ಬರುತ್ತದೆ. ಅಲ್ಲಿಂದ ಒಂದಿಷ್ಟು ದೂರದಲ್ಲಿ ಘಿಯಾಸುದ್ದೀನ್ ಕಟ್ಟಿಸಿದ ಕೋಟೆ, ಅದರ ಪಕ್ಕದಲ್ಲೇ ಮಗ ಮಹಮ್ಮದ್ ಕಟ್ಟಿಸಿದ ಆದಿಲಾಬಾದ್. ಈ ಮಹಮ್ಮದನನ್ನು ಭಾರತದ ರಂಗಭೂಮಿಗೆಲ್ಲ ಪರಿಚಯಿಸಿದ್ದು 1964ರಲ್ಲಿ ಬಂದ ಒಂದು ಕನ್ನಡ ನಾಟಕ. ಕಾರಂತರು ಅದನ್ನು ಹಿಂದಿಗೆ ತಂದರು, ಇಬ್ರಾಹಿಂ ಅಲ್ಕಾಜಿ ಎಪ್ಪತ್ತರ ದಶಕದಲ್ಲಿ ಪುರಾನಾ ಕಿಲಾದ ಕಲ್ಲುಗಳ ನಡುವೆ ಆಡಿಸಿದರು, ಮನೋಹರ್ ಸಿಂಗ್ ತುಘಲಕ್ ಆದರು. ದೆಹಲಿಯ ಸುಲ್ತಾನನ ಕತೆಯನ್ನು ದೆಹಲಿಗೇ ಕನ್ನಡಿಗರು ಹೇಳಿಕೊಟ್ಟರು! ತಮಿಳಿನಲ್ಲಿ ಚೋ ರಾಮಸ್ವಾಮಿ ತಮ್ಮ ತುಘಲಕ್ ನಾಟಕವನ್ನು 1971ರಲ್ಲೇ ಸಿನಿಮಾ ಮಾಡಿ ಮುಗಿಸಿದರು. ನಮ್ಮ ‘ತುಘಲಕ್’ ಇನ್ನೂ ರಂಗದ ಮೇಲೇ ಇದ್ದಾನೆ. ಅಷ್ಟು ಹಣ ಎಲ್ಲಿದೆ ಎನ್ನುವ ಕಾಲ ಹೋಯಿತು, ನೂರಾರು ಕೋಟಿಯ ಕನ್ನಡ ಚಿತ್ರಗಳು ದೇಶವೆಲ್ಲ ಓಡುತ್ತಿವೆ. ಆ ಸಂಭಾಷಣೆಯನ್ನು ಕತ್ತರಿಸಿ, ಅದರ ಜಾಗದಲ್ಲಿ ದೌಲತಾಬಾದಿನ ದಾರಿಯ ಧೂಳನ್ನು ತೋರಿಸುವ ಎದೆಗಾರಿಕೆ ಬೇಕು. ಕತ್ತರಿಸಿದವನನ್ನು ನಾವು ಹರಿದು ತಿನ್ನದೆ ಇರಬೇಕು.

ಹಾಗಾದರೆ ಏನು ಮಾಡಿದರೂ ನಡೆಯುತ್ತದೆಯೇ ಎಂದು ಕೇಳುತ್ತೀರಿ. ಇಲ್ಲ. ಒಂದು ದ್ರೋಹವನ್ನು ನಾನೂ ಒಪ್ಪುವುದಿಲ್ಲ: ಪುಸ್ತಕದ ಹೆಸರು ಇಟ್ಟುಕೊಂಡು ಅದರ ಮುಳ್ಳನ್ನು ಕೀಳುವುದು. ಜಾತಿಯ ಕತೆಯನ್ನು ಬರೀ ಪ್ರೇಮಕತೆ ಮಾಡುವುದು, ಯಾರಿಗೂ ನೋಯದಂತೆ ಸವರುವುದು. ‘ಸಂಸ್ಕಾರ’ ಕಾದಂಬರಿ ಸಂಪ್ರದಾಯಸ್ಥರನ್ನು ಕೆರಳಿಸಿತ್ತು. ಪಟ್ಟಾಭಿರಾಮ ರೆಡ್ಡಿಯವರ ಚಿತ್ರಕ್ಕೆ ಸೆನ್ಸಾರ್‌ನವರು ಮೊದಲು ಅನುಮತಿಯನ್ನೇ ಕೊಡಲಿಲ್ಲ. ಪುಸ್ತಕ ಯಾರ ನಿದ್ದೆ ಕೆಡಿಸಿತ್ತೋ ಸಿನಿಮಾ ಕೂಡ ಅವರ ನಿದ್ದೆ ಕೆಡಿಸಿತು. ನಿಷ್ಠೆ ಎಂಬ ಪದ ಬೇಕೇ ಬೇಕು ಎನ್ನುವವರು ಅದನ್ನು ಇಲ್ಲಿಗೆ ಬಳಸಿ. ಎಷ್ಟು ಅಧ್ಯಾಯ ಉಳಿಯಿತು, ನಾಯಕಿಯ ಸೀರೆಯ ಬಣ್ಣ ಪುಸ್ತಕದಲ್ಲಿ ಇದ್ದದ್ದೇ ಹೌದೇ ಎಂದು ಎಣಿಸುವುದು ಗುಮಾಸ್ತನ ಕೆಲಸ.

ಇದೆಲ್ಲ ಬೆಂಗಳೂರಿನಲ್ಲಿ ಕೂತವರಿಗೆ ಕಾಫಿಯ ಜೊತೆಗಿನ ಚರ್ಚೆ ಇರಬಹುದು. ನನಗೆ ಮನೆಯ ವಿಷಯ. ನನ್ನ ಮಗಳು ಇಲ್ಲಿಯ ಶಾಲೆಯಲ್ಲಿ ಹಿಂದಿ, ಇಂಗ್ಲಿಷ್, ಸಂಸ್ಕೃತ ಓದುತ್ತಾಳೆ. ಮನೆಯಲ್ಲಿ ಚೆಂದವಾಗಿ ಕನ್ನಡ ಮಾತಾಡುತ್ತಾಳೆ, ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಸುಸ್ತಾಗುತ್ತಾಳೆ. ಅವಳು ಕುವೆಂಪು ಅವರ ದೊಡ್ಡ ಕಾದಂಬರಿ ಓದುವ ದಿನ ಬರಲಿ ಎಂಬುದು ನನ್ನ ಆಸೆ, ಆದರೆ ಆಸೆಯನ್ನೇ ನಂಬಿ ಕೂರಲಾರೆ. ತೇಜಸ್ವಿಯವರ ಓದುಗರೇ ದುಡ್ಡು ಸೇರಿಸಿ 2023ರಲ್ಲಿ ತಂದ ‘ಡೇರ್‌ಡೆವಿಲ್ ಮುಸ್ತಾಫಾ’ ನೋಡಿ ಅವಳು ನಕ್ಕಳು, ಆಮೇಲೆ ‘ಇದನ್ನು ಬರೆದವರು ಬೇರೆ ಏನು ಬರೆದಿದ್ದಾರೆ’ ಎಂದು ಕೇಳಿದಳು. ಅಷ್ಟು ಸಾಕಿತ್ತು ನನಗೆ. ‘ಕಾಂತಾರ’ವನ್ನು ಹಿಂದಿಯಲ್ಲಿ ನೋಡಿದ ಬಲ್ಲಭಗಢದ ಸಹೋದ್ಯೋಗಿಯೊಬ್ಬರು ಪಂಜುರ್ಲಿ ಯಾರು ಎಂದು ವಿಚಾರಿಸಿದಾಗ, 1933ರಲ್ಲೇ ಶಿವರಾಮ ಕಾರಂತರು ಆ ಭೂತ ಬರುವ ‘ಚೋಮನ ದುಡಿ’ ಬರೆದಿದ್ದಾರೆ, ಅದು ಸಿನಿಮಾ ಕೂಡ ಆಗಿದೆ ಎಂದೆ. ‘ಸಬ್‌ಟೈಟಲ್ ಇದೆಯಾ’ ಎಂದರು. ಪುಸ್ತಕಕ್ಕೆ ನಾವು ಹಾಕಿದ ಮುಚ್ಚಿಗೆಯ ಹೊರಗೆ ಇಷ್ಟು ಜನ ನಿಂತಿದ್ದಾರೆ. ನಮಗೆ ಒಳಗಿನ ಧೂಪದ ವಾಸನೆಯೇ ಸಾಕಾಗಿದೆ.

ಆದ್ದರಿಂದ ದೆಹಲಿ, ನೋಯ್ಡಾ, ಗುರುಗ್ರಾಮ, ಫರೀದಾಬಾದಿನ ಗೆಳೆಯರಲ್ಲಿ ನನ್ನ ಬೇಡಿಕೆ ಇಷ್ಟು. ಈ ನವೆಂಬರಿನ ರಾಜ್ಯೋತ್ಸವದಲ್ಲಿ ಭಾಷಣಗಳನ್ನು ಅರ್ಧ ಮಾಡಿ, ಇಂಥ ಒಂದು ಸಿನಿಮಾ ಹಾಕೋಣ. ‘ಘಟಶ್ರಾದ್ಧ’ದ ಸಂಸ್ಕರಿಸಿದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲೇ ತೆರೆ ಕಂಡಿದೆ, ನಮ್ಮ ಸಭಾಂಗಣಕ್ಕೆ ಬರಬಾರದೆಂದೇನಿಲ್ಲ. ಮೂಲ ಕತೆಯನ್ನು ಒಬ್ಬರು ಜೋರಾಗಿ ಓದಲಿ, ಅಕ್ಷರ ಬಾರದ ಮಕ್ಕಳೂ ಕೇಳಲಿ. ಆಮೇಲೆ ವಾದ ಮಾಡೋಣ. ನಿರ್ದೇಶಕ ಇದನ್ನು ಯಾಕೆ ಬಿಟ್ಟ, ಅದನ್ನು ಯಾಕೆ ಸೇರಿಸಿದ, ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಒಂದೇ ಷರತ್ತು: ‘ನ್ಯಾಯ ಒದಗಿಸಿಲ್ಲ’ ಎಂದವರು ಅಂದಿನ ಚಹಾದ ಖರ್ಚು ಕೊಡಬೇಕು.