ಕಪ್ಪತಗುಡ್ಡಕ್ಕೆ ಕಾಲುದಾರಿ ಸಾಕು

ಕುರ್ತಕೋಟಿಯ ಎರೆ ಹೊಲಗಳಿಂದ ಕಪ್ಪತಗುಡ್ಡ ದೂರವೇನಲ್ಲ. ಆದರೂ ಗದಗ ಸೀಮೆಯ ಹುಡುಗರ ಬಾಯಲ್ಲಿ ಚಾರಣ ಅಂದರೆ ಕುಮಾರ ಪರ್ವತ, ಕುದುರೆಮುಖ, ಮುಳ್ಳಯ್ಯನಗಿರಿ. ಪಕ್ಕದ ಗುಡ್ಡಕ್ಕೆ ಹೋಗುವವರಲ್ಲಿ ಹೆಚ್ಚಿನವರು ಬೈಕಿನಲ್ಲೇ ಗುಡ್ಡದ ಮೇಲಿನ ಗಾಳಿಗುಂಡಿಯ ಕಡೆ ಏರಿ, ತೇಲುವ ಮೋಡದ ವಿಡಿಯೊ ಮಾಡಿಕೊಂಡು ಇಳಿದುಬಿಡುತ್ತಾರೆ. ಉತ್ತರ ಕರ್ನಾಟಕದ ಸಹ್ಯಾದ್ರಿ ಎಂಬ ಬಿರುದನ್ನು ನಂಬಿ ಹೋದವರಿಗೆ ಅಲ್ಲಿ ಜಲಪಾತವೂ ಇಲ್ಲ, ದಟ್ಟ ಕಾನನವೂ ಇಲ್ಲ. ಇರುವುದು ಕೆಂಪು ಕಲ್ಲು, ಮುಳ್ಳುಕಂಟಿ, ಆಳೆತ್ತರದ ಬಾದೆ ಹುಲ್ಲು, ಅದರ ನಡುವೆ ತೋಳ, ಕತ್ತೆಕಿರುಬ, ಚಿರತೆ, ಕೊಂಡುಕುರಿ, ನಾಟಿ ವೈದ್ಯರು ಹುಡುಕಿಕೊಂಡು ಬರುವ ಔಷಧಿ ಗಿಡಗಳು. ಇವು ವಾಹನದ ಕಿಟಕಿಗೆ ಸಿಗುವಂಥವಲ್ಲ. ಈ ಗುಡ್ಡವನ್ನು ಮಳೆಗಾಲದ ತಿಂಗಳುಗಳಲ್ಲಿ, ದಿನಕ್ಕೆ ಇಂತಿಷ್ಟೇ ಮಂದಿ ಎಂಬ ಮಿತಿಯಲ್ಲಿ, ಸ್ಥಳೀಯ ಮಾರ್ಗದರ್ಶಕರ ಜೊತೆ ನಡೆಯುವವರಿಗೆ ತೆರೆಯಬೇಕು, ಮೋಜಿಗೆ ಬರುವ ವಾಹನಗಳನ್ನು ಬುಡದಲ್ಲೇ ನಿಲ್ಲಿಸಬೇಕು ಎಂಬುದು ನನ್ನ ವಾದ.

ಕಾರಣ ಇತ್ತೀಚಿನ ಇತಿಹಾಸದಲ್ಲೇ ಇದೆ. 2015ರ ಡಿಸೆಂಬರ್‌ನಲ್ಲಿ ಸರ್ಕಾರ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ವರ್ಷ ತುಂಬುವ ಮೊದಲೇ, 2016ರ ನವೆಂಬರ್‌ನಲ್ಲಿ, ಅದೇ ಸರ್ಕಾರ ಆ ಆದೇಶವನ್ನು ಹಿಂದಕ್ಕೆ ಪಡೆಯಿತು. ಗುಡ್ಡದ ಹೊಟ್ಟೆಯಲ್ಲಿ ಚಿನ್ನವಿದೆ, ಕಬ್ಬಿಣದ ಅದಿರಿದೆ. ಅದರ ಮೇಲೆ ಕಣ್ಣಿಟ್ಟವರಿಗೂ ಕೊರತೆಯಿಲ್ಲ. ಗದಗದ ಮಠಾಧೀಶ ತೋಂಟದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ರೈತರು ಮತ್ತು ಪರಿಸರ ಹೋರಾಟಗಾರರು ಜೊತೆಗೂಡಿದರು, 2017ರ ಫೆಬ್ರುವರಿಯಲ್ಲಿ ಗದಗದಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಏಪ್ರಿಲ್‌ನಲ್ಲಿ ಸಂರಕ್ಷಣೆಯ ಆದೇಶ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಒಂದು ಸಹಿಯಿಂದ ಬಂದ ರಕ್ಷಣೆ ಇನ್ನೊಂದು ಸಹಿಯಿಂದ ಹೋಗಬಲ್ಲದು. ಅದು ಮರಳಿ ಬಂದದ್ದು ಬೀದಿಗಿಳಿದ ಜನರಿಂದ.

ಆ ಜನ ಚಾರಣಿಗರೇನೂ ಆಗಿರಲಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ನಿಜ, ಬೆನ್ನಿಗೆ ಚೀಲ ಕಟ್ಟಿಕೊಂಡು ಶಿಖರ ಎಣಿಸುವವರು ಅವರಲ್ಲ. ಆದರೆ ಅವರಲ್ಲಿ ಅನೇಕರು ಕಪ್ಪತ ಮಲ್ಲಯ್ಯನ ದರ್ಶನಕ್ಕೆಂದೋ, ಕುರಿ ಮೇಯಿಸಲೆಂದೋ, ಬೇರು-ತೊಗಟೆಗೆಂದೋ ಗುಡ್ಡ ಸುತ್ತಿದ ಊರುಗಳವರು. ಹಳ್ಳ ಎಲ್ಲಿ ಹುಟ್ಟಿ ಯಾರ ಹೊಲಕ್ಕೆ ಇಳಿಯುತ್ತದೆಂದು ಕಾಲಿನಿಂದ ಅರಿತವರು. ಅವರ ಮಕ್ಕಳು ಹುಬ್ಬಳ್ಳಿ, ಬೆಂಗಳೂರು ಸೇರಿದ್ದಾರೆ. ಈ ಅರಿವು ತಾನಾಗಿ ಮುಂದಿನ ತಲೆಮಾರಿಗೆ ದಾಟುವ ಕಾಲ ಮುಗಿಯುತ್ತಿದೆ. ಅದರ ಜಾಗದಲ್ಲಿ, ಏಷ್ಯಾದಲ್ಲೇ ಶುದ್ಧ ಗಾಳಿ ಇಲ್ಲಿಯದು ಎಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತದೆ, ಅಳೆದವರು ಯಾರು ಎಂದು ಕೇಳುವವರು ಕಡಿಮೆ. ಇಂಥ ಹೊಗಳಿಕೆಯ ಬಲದಿಂದ ಯಾರೂ ಧರಣಿ ಕೂರುವುದಿಲ್ಲ.

ಗಟ್ಟಿಯಾದ ಆಕ್ಷೇಪ ಬೇರೆ ಇದೆ: ದಾರಿ ತೆರೆದರೆ ಜಾತ್ರೆ ಸೇರುತ್ತದೆ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತದ ಹಾದಿಯಲ್ಲಿ ಸಾಲುಗಟ್ಟಿದ ಸಾವಿರಾರು ಜನರನ್ನು ರಾಜ್ಯವೇ ನೋಡಿತು. ಆಗ ಸರ್ಕಾರ ಆನ್‌ಲೈನ್ ಟಿಕೆಟ್ ಇಲ್ಲದ ಚಾರಣಗಳನ್ನು ತಡೆದು, ಮುಂದೆ ಒಂದು ಹಾದಿಗೆ ದಿನಕ್ಕೆ 300 ಮಂದಿ ಎಂಬ ಮಿತಿ ತಂದಿತು. ಕಪ್ಪತಗುಡ್ಡಕ್ಕೆ ಆ 300 ಕೂಡ ಹೆಚ್ಚು. ಹತ್ತಿಪ್ಪತ್ತು ಜನರ ಒಂದೆರಡು ತಂಡ ಸಾಕು. ವನ್ಯಜೀವಿಧಾಮದೊಳಗೆ ಹೋಗಲು ಅನುಮತಿ ಬೇಕೆಂದು 1972ರ ಕಾಯ್ದೆಯೇ ಹೇಳುತ್ತದೆ, ಪ್ರವಾಸಕ್ಕೆ ಅನುಮತಿ ಕೊಡುವ ಅವಕಾಶವೂ ಅದರಲ್ಲೇ ಇದೆ. ಹೊಸ ಕಾನೂನು ಬೇಕಿಲ್ಲ.

ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿ. ಚಳಿಗಾಲ ಮುಗಿಯುತ್ತಿದ್ದಂತೆ ಬಾದೆ ಹುಲ್ಲು ಒಣಗಿ ನಿಲ್ಲುತ್ತದೆ. ಎಣ್ಣೆ ತೆಗೆಯುವ ಜಾತಿಯ ಹುಲ್ಲದು, ಕಿಡಿ ತಾಗಿದರೆ ಸಾಕು. ಗುಡ್ಡದ ಮೇಲಿನ ಗಾಳಿ ಉಳಿದ ಕೆಲಸ ಮಾಡುತ್ತದೆ, ಅಗ್ನಿಶಾಮಕ ವಾಹನ ಆ ಇಳಿಜಾರು ಹತ್ತಲಾರದು. ಆದ್ದರಿಂದ ಜನವರಿಯಿಂದ ಮುಂಗಾರು ಹಿಡಿಯುವ ತನಕ ಚಾರಣಕ್ಕೆ ಪೂರ್ತಿ ಬಾಗಿಲು ಹಾಕಬೇಕು, ಇದರಲ್ಲಿ ರಿಯಾಯಿತಿ ಸಲ್ಲದು. ಆದರೆ ಇದೇ ಬೆಂಕಿ ನನ್ನ ವಾದದ ಪರವಾಗಿಯೂ ನಿಲ್ಲುತ್ತದೆ. ಪ್ರವಾಸಿಗರಿಗೆ ಚಾರಣದ ಹಾದಿಯೇ ಇಲ್ಲದ ವರ್ಷಗಳಲ್ಲೂ ಗುಡ್ಡ ಉರಿದಿದೆ. ಹೊಗೆ ಕಂಡ ಕೂಡಲೇ ಯಾವ ಕೊರಕಲಿನಿಂದ ಏರಬೇಕೆಂದು ಗೊತ್ತಿರುವವರು ಡೋಣಿ, ಕಡಕೋಳದಂಥ ಊರುಗಳವರು. ಮಳೆಗಾಲದಲ್ಲಿ ಚಾರಣಿಗರನ್ನು ಕರೆದೊಯ್ದು ಸಂಪಾದಿಸುವ ಯುವಕನನ್ನೇ ಬೇಸಿಗೆಯಲ್ಲಿ ಬೆಂಕಿ ಕಾವಲಿಗೆ ಕೂಲಿ ಕೊಟ್ಟು ಇಟ್ಟುಕೊಂಡರೆ, ಗುಡ್ಡ ಹಸಿರಾಗಿರುವುದೇ ಅವನ ಅನ್ನದ ದಾರಿಯಾಗುತ್ತದೆ.

ಔಷಧಿ ಗಿಡ ಕಿತ್ತೊಯ್ಯುತ್ತಾರೆ ಎಂಬ ಮಾತಿಗೂ ಉತ್ತರ ಇದೇ: ಕಳ್ಳನಿಗೆ ಟಿಕೆಟ್ ಬೇಕಿಲ್ಲ, ಅವನಿಗೆ ಬೇಕಾದದ್ದು ನಿರ್ಜನ. ಉಳಿದ ಒಂದು ಸಂಶಯ ನ್ಯಾಯದ್ದು. ಊರ ಕುರಿಗಾಹಿಗೆ ಕಾಡು ಬಂದ್, ಪೇಟೆಯವರಿಗೆ ಮುಕ್ತ ಎಂದಾದರೆ ಯಾವ ಊರೂ ಒಪ್ಪದು, ಒಪ್ಪಲೂಬಾರದು. ಹಾಗಾಗಿ ಹಾದಿ ಗುರುತಿಸುವ ಮೊದಲು ಅರಣ್ಯ ಇಲಾಖೆ ಬುಡದ ಊರುಗಳಲ್ಲಿ ಗ್ರಾಮಸಭೆ ಕರೆದು, ಮೇವು ಮತ್ತು ದೇವರ ದಾರಿಗಳನ್ನು ಮೊದಲು ಬರೆದಿಟ್ಟುಕೊಳ್ಳಲಿ. ಟಿಕೆಟ್ ಹಣದ ದೊಡ್ಡ ಪಾಲು ಗ್ರಾಮ ಅರಣ್ಯ ಸಮಿತಿಗೆ ಸೇರಲಿ. ರೆಸಾರ್ಟ್, ರೋಪ್‌ವೇ, ಹೊಸ ಡಾಂಬರು ರಸ್ತೆಗಳ ಪ್ರಸ್ತಾವ ಬಂದರೆ ಅದೇ ಸಭೆ ಬೇಡವೆಂದು ಠರಾವು ಮಾಡಲಿ. ಮೊದಲ ಹಾದಿಗೆ ಡೋಣಿಯ ಕಡೆಯಿಂದ ಹೊರಡುವ ಒಂದೇ ದಾರಿ ಸಾಕು, ಮೊದಲ ತಂಡಗಳಾಗಿ ಗದಗ, ಮುಂಡರಗಿ, ಶಿರಹಟ್ಟಿಯ ಶಾಲಾ ಮಕ್ಕಳನ್ನು ಟಿಕೆಟ್ ಇಲ್ಲದೆ ಕರೆದೊಯ್ಯಬೇಕು.