ಪುಣೆ: ಬೋರ್ಡಿನಲ್ಲಿ 'ಧರ್ಮಾದಾಯ', ಕೌಂಟರ್‌ನಲ್ಲಿ 10 ಲಕ್ಷ ಡೆಪಾಸಿಟ್, ಬಡ ರೋಗಿಯ ಪಾಲಿನ ಬೆಡ್ ಯಾರ ಕೈಯಲ್ಲಿದೆ?

2025ರ ಮಾರ್ಚ್ 28. ಅವಳಿ ಮಕ್ಕಳ ಗರ್ಭಿಣಿಯೊಬ್ಬರನ್ನು ಕುಟುಂಬದವರು ತುರ್ತು ಸ್ಥಿತಿಯಲ್ಲಿ ಪುಣೆಯ ದೀನಾನಾಥ್ ಮಂಗೇಶ್ಕರ್ ಆಸ್ಪತ್ರೆಗೆ ಕರೆತಂದರು. 10 ಲಕ್ಷ ರೂಪಾಯಿ ಡೆಪಾಸಿಟ್ ಕಟ್ಟುವಂತೆ ಹೇಳಿದರು, ತಕ್ಷಣಕ್ಕೆ ಎರಡು ಮೂರು ಲಕ್ಷ ಕೊಡುತ್ತೇವೆ ಎಂದರೂ ದಾಖಲಿಸಿಕೊಳ್ಳಲಿಲ್ಲ ಎಂಬುದು ಕುಟುಂಬದ ಆರೋಪ. ಗಂಟೆಗಟ್ಟಲೆ ಕಾದು ಅವರು ಬೇರೆ ಆಸ್ಪತ್ರೆಗೆ ಹೋದರು. ಅಲ್ಲಿ ಅವಳಿ ಮಕ್ಕಳು ಹುಟ್ಟಿದವು. ಮಾರ್ಚ್ 31ರಂದು ತಾಯಿ ತೀರಿಕೊಂಡರು.

ಮುಂದಿನ ಕೆಲವು ದಿನ ಪುಣೆಯಲ್ಲಿ ನಡೆದದ್ದನ್ನು ದೇಶವೇ ನೋಡಿತು. ಆಸ್ಪತ್ರೆ ಎದುರು ಪ್ರತಿಭಟನೆ, ನಾಮಫಲಕಕ್ಕೆ ಮಸಿ, ಒಂದರ ಮೇಲೊಂದು ತನಿಖಾ ಸಮಿತಿ. ಇದು ಹೆಚ್ಚು ಅಪಾಯವಿದ್ದ ಗರ್ಭ, ಕೈಲಾದಷ್ಟು ಹಣ ಕಟ್ಟಿ ದಾಖಲಿಸಿ ಎಂದು ನಾವೇ ಹೇಳಿದ್ದೆವು ಎಂದು ಆಸ್ಪತ್ರೆ ಸಮರ್ಥಿಸಿಕೊಂಡಿತು. ಹಾಗೆ ಹೇಳುವ ಭರದಲ್ಲಿ ಮೃತ ಮಹಿಳೆಯ ಖಾಸಗಿ ವೈದ್ಯಕೀಯ ವಿವರಗಳನ್ನೂ ಬಹಿರಂಗ ಮಾಡಿತು ಎಂದು ಇನ್ನೊಂದು ಸುತ್ತಿನ ಟೀಕೆಗೆ ಗುರಿಯಾಯಿತು. ಕೊನೆಗೆ, ತುರ್ತು ಚಿಕಿತ್ಸೆಗೆ ಬರುವವರಿಂದ ಇನ್ನು ಮುಂದೆ ಡೆಪಾಸಿಟ್ ಕೇಳುವುದಿಲ್ಲ ಎಂದು ಘೋಷಿಸಿತು. ವೈದ್ಯರೊಬ್ಬರ ವಿರುದ್ಧ ಎಫ್‌ಐಆರ್ ದಾಖಲಾಯಿತು. ತಪ್ಪು ಯಾರದ್ದು ಎಂಬುದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ.

ಆದರೆ ಈ ಘೋಷಣೆಯನ್ನು ಇನ್ನೊಮ್ಮೆ ಓದಿ. 'ಇನ್ನು ಮುಂದೆ ಕೇಳುವುದಿಲ್ಲ.' ಅಸಲಿಗೆ ಹಾಗೆ ಕೇಳುವ ಅವಕಾಶವೇ ಇರಲಿಲ್ಲ! ಮಹಾರಾಷ್ಟ್ರದ ಧರ್ಮಾರ್ಥ ಆಸ್ಪತ್ರೆಗಳು ತುರ್ತು ರೋಗಿಯಿಂದ ಡೆಪಾಸಿಟ್ ಕೇಳಬಾರದು ಎಂಬ ನಿಯಮ ಜಾರಿಗೆ ಬಂದದ್ದು 2006ರಲ್ಲಿ. ಸುಮಾರು 19 ವರ್ಷಗಳಿಂದ ಇದ್ದ ನಿಯಮವನ್ನು ಆಸ್ಪತ್ರೆಯೊಂದು ಹೊಸ ಔದಾರ್ಯದಂತೆ ಘೋಷಿಸಿದಾಗ, ಅದೊಂದು ಹಳೆಯ ನಿಯಮವೆಂದು ಗುರುತಿಸಿದವರು ಕಡಿಮೆ.

ಏನಿದು 2006ರ ಯೋಜನೆ?

ಮಹಾರಾಷ್ಟ್ರದಲ್ಲಿ ಎಲ್ಲ ಸಾರ್ವಜನಿಕ ಟ್ರಸ್ಟ್‌ಗಳೂ ಚಾರಿಟಿ ಕಮಿಷನರ್ ಬಳಿ ನೋಂದಣಿ ಆಗಬೇಕು. 1950ರ ಬಾಂಬೆ ಪಬ್ಲಿಕ್ ಟ್ರಸ್ಟ್ಸ್ ಕಾಯ್ದೆ (ಈಗ ಮಹಾರಾಷ್ಟ್ರದ ಹೆಸರಿನಲ್ಲಿದೆ) ಇದಕ್ಕೆ ಆಧಾರ. ಟ್ರಸ್ಟ್ ನಡೆಸುವ ಆಸ್ಪತ್ರೆಗಳು ಬಡವರಿಗಾಗಿ ಬೆಡ್ ಮೀಸಲಿಡಬೇಕು ಎನ್ನುವ 41ಎಎ ಎಂಬ ಸೆಕ್ಷನ್ ಅದರಲ್ಲಿದೆ. ಅದು ಪುಸ್ತಕದಲ್ಲೇ ಉಳಿದಿದೆ ಎಂದು 2004ರಲ್ಲಿ ಬಾಂಬೆ ಹೈಕೋರ್ಟ್‌ಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. ಅದರ ಫಲವೇ ಹೈಕೋರ್ಟ್ ಅನುಮೋದಿಸಿದ, 2006ರ ಸೆಪ್ಟೆಂಬರ್‌ನಿಂದ ಜಾರಿಯಾದ ಯೋಜನೆ.

ಲೆಕ್ಕ ಸರಳ. ಧರ್ಮಾರ್ಥ ಆಸ್ಪತ್ರೆಯ ಶೇ 10ರಷ್ಟು ಬೆಡ್ ಕಡುಬಡವರಿಗೆ ಉಚಿತ. ಇನ್ನೊಂದು ಶೇ 10 ಆರ್ಥಿಕವಾಗಿ ದುರ್ಬಲರಿಗೆ ರಿಯಾಯಿತಿ ದರದಲ್ಲಿ. ಕುಟುಂಬದ ವಾರ್ಷಿಕ ಆದಾಯ 1.80 ಲಕ್ಷ ರೂಪಾಯಿವರೆಗೆ ಇದ್ದರೆ ಮೊದಲ ವರ್ಗ, 3.60 ಲಕ್ಷದವರೆಗೆ ಇದ್ದರೆ ಎರಡನೆಯದು. ಇದರ ಖರ್ಚಿಗಾಗಿ ಆಸ್ಪತ್ರೆ ತನ್ನ ಒಟ್ಟು ಬಿಲ್ಲಿಂಗ್‌ನ ಶೇ 2ರಷ್ಟನ್ನು 'ಇಂಡಿಜೆಂಟ್ ಪೇಷೆಂಟ್ಸ್ ಫಂಡ್', ಅಂದರೆ ಬಡರೋಗಿ ನಿಧಿ ಎಂಬ ಪ್ರತ್ಯೇಕ ಖಾತೆಗೆ ಹಾಕಬೇಕು. ಬೆಡ್, ನರ್ಸಿಂಗ್, ಸಾಮಾನ್ಯ ತಪಾಸಣೆಗಳಿಗೆ ಕಡುಬಡವರಿಂದ ಹಣ ಪಡೆಯುವಂತಿಲ್ಲ. ಔಷಧ, ಇಂಪ್ಲಾಂಟ್‌ನಂಥವನ್ನು ಆಸ್ಪತ್ರೆ ತಾನು ಕೊಂಡ ಬೆಲೆಗೇ ಲೆಕ್ಕ ಹಾಕಿ ಆ ನಿಧಿಯಿಂದ ಭರಿಸಬೇಕು. ವೈದ್ಯರು ತಮ್ಮ ಶುಲ್ಕ ಬಿಡಬೇಕು.

ತುರ್ತು ರೋಗಿಯ ವಿಷಯದಲ್ಲಿ ಯೋಜನೆಯ ಮಾತು ಇನ್ನೂ ಖಡಕ್. ತಕ್ಷಣ ದಾಖಲಿಸಿಕೊಳ್ಳಬೇಕು. ಸ್ಥಿತಿ ಸ್ಥಿರವಾಗುವವರೆಗೆ ಜೀವ ಉಳಿಸುವ ಚಿಕಿತ್ಸೆ ಕೊಡಬೇಕು. ಅಗತ್ಯ ಬಿದ್ದರೆ ಸರ್ಕಾರಿ ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆಯನ್ನೂ ತಾನೇ ಮಾಡಬೇಕು. ಡೆಪಾಸಿಟ್ ಕೇಳುವಂತಿಲ್ಲ. ಇಲ್ಲಿ ರೋಗಿ ಬಡವನೋ ಶ್ರೀಮಂತನೋ ಎಂದು ಮೊದಲು ವಿಚಾರಿಸಬೇಕಾದ ಪ್ರಮೇಯವೇ ಬರುವುದಿಲ್ಲ. ಇದಕ್ಕೂ ಮುಂಚೆ, 1989ರಲ್ಲೇ, ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು: ಸರ್ಕಾರಿ ಇರಲಿ ಖಾಸಗಿ ಇರಲಿ, ಜೀವ ಉಳಿಸುವುದು ಪ್ರತಿ ವೈದ್ಯನ ಕರ್ತವ್ಯ.

ಇದು ಬಿಟ್ಟಿ ಸೇವೆ ಅಲ್ಲ

ಆಸ್ಪತ್ರೆಯವರು ಮಾತ್ರವಲ್ಲ, ರೋಗಿಯ ಕಡೆಯವರೂ ಇದನ್ನು ದಾನ ಎಂದೇ ಭಾವಿಸುತ್ತಾರೆ. ಕೈಮುಗಿದು ನಿಲ್ಲುತ್ತಾರೆ. ಆದರೆ ಧರ್ಮಾರ್ಥ ಟ್ರಸ್ಟ್ ಎಂಬ ಹಣೆಪಟ್ಟಿಗೆ ಆದಾಯ ತೆರಿಗೆ ವಿನಾಯಿತಿ ಇದೆ, ದಾನಿಗಳಿಗೂ ತೆರಿಗೆ ಲಾಭ ಇದೆ. ಎಷ್ಟೋ ಕಡೆ ಅಗ್ಗದ ಸರ್ಕಾರಿ ಜಮೀನು, ಕಟ್ಟಡ ನಿಯಮದಲ್ಲಿ ಸಡಿಲಿಕೆಯೂ ಸಿಕ್ಕಿದೆ. ಅಂದರೆ ಆ ಬೆಡ್‌ನ ಬೆಲೆಯನ್ನು ಸಾರ್ವಜನಿಕರು ಮುಂಗಡವಾಗಿಯೇ ಕೊಟ್ಟಾಗಿದೆ. ಬಡ ರೋಗಿ ಕೇಳುವುದು ಆ ಬಾಕಿಯನ್ನು.

ಪುಣೆಗೆ ಈ ಪರಂಪರೆ ಹೊಸದಲ್ಲ. ಯಹೂದಿ ವ್ಯಾಪಾರಿ ಡೇವಿಡ್ ಸಸೂನ್ ಕೊಟ್ಟ ಹಣದಲ್ಲಿ ಎದ್ದ ಸಸೂನ್ ಆಸ್ಪತ್ರೆ 1867ರದ್ದು. ಇವತ್ತಿಗೂ ಹಣವಿಲ್ಲದವರ ಕೊನೆಯ ಬಾಗಿಲು ಅದೇ. ರೂಬಿ ಹಾಲ್, ಕೆಇಎಂ, ದೀನಾನಾಥ್ ಮಂಗೇಶ್ಕರ್ ಸೇರಿದಂತೆ ನಗರದ ದೊಡ್ಡ ಹೆಸರುಗಳ ಹಿಂದೆ ಟ್ರಸ್ಟ್‌ಗಳಿವೆ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯವರಿಗೆ ಮಿರಜ್, ಸೊಲ್ಲಾಪುರ ದಾಟಿದರೆ ಮುಂದಿನ ದೊಡ್ಡ ಆಸ್ಪತ್ರೆಗಳ ಊರು ಪುಣೆಯೇ. ಕಟ್ಟಡ ಕೆಲಸಕ್ಕೆ, ಹೋಟೆಲ್ ಕೆಲಸಕ್ಕೆ ಹೋಗಿ ಅಲ್ಲೇ ನೆಲೆಸಿದ ಕನ್ನಡಿಗರೂ ಸಾಕಷ್ಟಿದ್ದಾರೆ. 'ಧರ್ಮಾದಾಯ' ಎಂಬ ಮರಾಠಿ ಪದ ಬೋರ್ಡಿನಲ್ಲಿದ್ದರೆ ಅದರ ಅರ್ಥ ಏನೆಂದು ಅವರಲ್ಲಿ ಎಷ್ಟು ಜನರಿಗೆ ಗೊತ್ತು?

ತೊಡಕು ಇರುವುದೇ ಇಲ್ಲಿ. ಯೋಜನೆ ಕೊಟ್ಟ ಹಕ್ಕು ತಾನಾಗಿ ಎದ್ದು ಬರುವುದಿಲ್ಲ, ಕೇಳಿದವರಿಗೆ ಮಾತ್ರ ಸಿಗುತ್ತದೆ. ಕೇಳಬೇಕಾದವರು ಐಸಿಯು ಹೊರಗೆ ಗಾಬರಿಯಲ್ಲಿ ನಿಂತವರು. ತಹಶೀಲ್ದಾರ್ ಕೊಟ್ಟ ಆದಾಯ ಪ್ರಮಾಣಪತ್ರ ಅಥವಾ ರೇಷನ್ ಕಾರ್ಡ್ ಬೇಕು. ಅದು ಊರಲ್ಲಿರುತ್ತದೆ, ರೋಗಿ ಇಲ್ಲಿರುತ್ತಾನೆ. ಅರ್ಜಿ ಹೋಗಬೇಕಾದದ್ದು ಬಿಲ್ಲಿಂಗ್ ಕೌಂಟರ್‌ಗಲ್ಲ, ಮೆಡಿಕಲ್ ಸೋಷಿಯಲ್ ವರ್ಕರ್ ಬಳಿಗೆ. ಕೌಂಟರ್‌ನಲ್ಲಿ ಕೂತವರು ಅದನ್ನು ಹೇಳಬೇಕೆಂದೇನೂ ಇಲ್ಲ, ಹೇಳುವುದು ಅಪರೂಪವೂ ಹೌದು. ಆ ಸೋಷಿಯಲ್ ವರ್ಕರ್‌ಗೆ ಸಂಬಳ ಕೊಡುವುದು ಯಾರು? ಅದೇ ಆಸ್ಪತ್ರೆ. ಬೆಡ್ ಖಾಲಿ ಇದೆಯೇ ಇಲ್ಲವೇ ಎಂಬ ಮಾಹಿತಿ ಕೊಡುವುದೂ ಅದೇ ಆಸ್ಪತ್ರೆ. ನಿಧಿಯಲ್ಲಿ ಹಣ ಉಳಿದಿದೆಯೇ ಎಂದು ಲೆಕ್ಕ ಬರೆಯುವುದೂ ಅದೇ. ಕೊಡಬೇಕಾದವನ ಕೈಯಲ್ಲೇ ಕೊಟ್ಟೆನೋ ಇಲ್ಲವೋ ಎಂಬ ಲೆಕ್ಕಪುಸ್ತಕವೂ ಇದ್ದಂತಾಯಿತು.

ಮಾರ್ಚ್‌ನ ಪ್ರಕರಣದಲ್ಲಿ ಆ ಕುಟುಂಬಕ್ಕೆ ರಾಜಕೀಯ ಸಂಪರ್ಕ ಇತ್ತು. ದೊಡ್ಡವರಿಗೆ ಫೋನ್ ಮಾಡಿಸುವಷ್ಟು ಕೈಯೂ ಇತ್ತು. ಹಾಗಾಗಿಯೇ ಅದು ಸುದ್ದಿಯಾಯಿತು ಎಂದರೆ ಕಟುವೆನಿಸಬಹುದು, ಆದರೆ ಸುಳ್ಳಲ್ಲ. ಫೋನ್ ಮಾಡಿಸಲು ಯಾರೂ ಇಲ್ಲದವರು ಆಟೋ ಹತ್ತಿ ಸಸೂನ್‌ಗೆ ಹೋಗುತ್ತಾರೆ. ಅವರ ಕಥೆಗೆ ತನಿಖಾ ಸಮಿತಿ ಇರುವುದಿಲ್ಲ.

ಆಸ್ಪತ್ರೆಗಳ ವಾದವನ್ನೂ ಕೇಳಬೇಕು

ಶೇ 2ರ ನಿಧಿ ಸಾಲುವುದಿಲ್ಲ ಎಂಬುದು ಆಡಳಿತ ಮಂಡಳಿಗಳ ಹಳೆಯ ದೂರು. ಅದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಉದಾಹರಣೆಗೆ, ವರ್ಷಕ್ಕೆ 100 ಕೋಟಿ ಬಿಲ್ಲಿಂಗ್ ಇರುವ ಆಸ್ಪತ್ರೆಯನ್ನು ತೆಗೆದುಕೊಳ್ಳಿ. ನಿಧಿಗೆ ಬರುವುದು 2 ಕೋಟಿ, ಅಂದರೆ ತಿಂಗಳಿಗೆ ಹದಿನಾರೂವರೆ ಲಕ್ಷದ ಆಸುಪಾಸು. ನಾಲ್ಕು ಲಕ್ಷದ ನಾಲ್ಕು ಐಸಿಯು ಬಿಲ್ ಬಂದರೆ ಆ ತಿಂಗಳ ನಿಧಿ ಮುಗಿಯಿತು. ಶೇ 10ರಷ್ಟು ಬೆಡ್ ಇನ್ನೂ ಖಾಲಿ ಇದ್ದರೂ ನಿಧಿಯಲ್ಲಿ ಹಣ ಇರುವುದಿಲ್ಲ. ಸಣ್ಣ ಟ್ರಸ್ಟ್ ಆಸ್ಪತ್ರೆಯ ಪಾಡು ಬೇರೆ. ಇಪ್ಪತ್ತು ಬೆಡ್‌ನ ಆಸ್ಪತ್ರೆಯಲ್ಲಿ ಶೇ 10 ಅಂದರೆ ಎರಡು ಬೆಡ್. ಹೃದ್ರೋಗ, ನರರೋಗಕ್ಕೆ ಅಲ್ಲಿ ತಜ್ಞರೇ ಇರುವುದಿಲ್ಲ.

ಆದರೆ ಈ ವಾದ ನಿಲ್ಲುವುದು ಲೆಕ್ಕ ತೆರೆದಿಟ್ಟಾಗ ಮಾತ್ರ. ಪ್ರತಿ ತಿಂಗಳು ನಿಧಿಗೆ ಎಷ್ಟು ಬಂತು, ಯಾವ ಚಿಕಿತ್ಸೆಗೆ ಎಷ್ಟು ಹೋಯಿತು, ಎಷ್ಟು ಅರ್ಜಿ ತಿರಸ್ಕಾರವಾಯಿತು ಎಂಬುದನ್ನು ರೋಗಿಯ ಹೆಸರು ಬಿಟ್ಟು ಆಸ್ಪತ್ರೆಯ ಬಾಗಿಲಲ್ಲೇ ಹಾಕಲಿ. ನಿಧಿ ನಿಜವಾಗಿಯೂ ಬರಿದಾಗುತ್ತಿದ್ದರೆ ದರ ಹೆಚ್ಚಿಸುವ, ಅಥವಾ ಸರ್ಕಾರವೇ ತುಂಬಿಕೊಡುವ ಚರ್ಚೆಗೆ ಆಧಾರ ಸಿಗುತ್ತದೆ. ಮುಚ್ಚಿಟ್ಟ ಪುಸ್ತಕ ತೋರಿಸಿ ನಷ್ಟ ಎಂದರೆ ನಂಬುವವರು ಯಾರು?

ಆರೋಗ್ಯ ಹಕ್ಕುಗಳ ಬಗ್ಗೆ ಕೆಲಸ ಮಾಡುವ ಪುಣೆಯ 'ಸಾಥಿ', ಜನ ಆರೋಗ್ಯ ಅಭಿಯಾನದಂಥ ಸಂಘಟನೆಗಳು ಖಾಸಗಿ ಮತ್ತು ಟ್ರಸ್ಟ್ ಆಸ್ಪತ್ರೆಗಳ ಹೊಣೆಗಾರಿಕೆಯ ಪ್ರಶ್ನೆಯನ್ನು ವರ್ಷಗಳಿಂದ ಎತ್ತುತ್ತಿವೆ. ಏಪ್ರಿಲ್‌ನ ಕೋಪ ಬೀದಿಗೆ ಬರುವ ಮುಂಚೆಯೇ ಅವು ಈ ಕೆಲಸದಲ್ಲಿದ್ದವು.

ಪುಣೆಯ ಇನ್ನೊಂದು ಧರ್ಮಾರ್ಥ

ಇದೇ ಊರಲ್ಲಿ ಧರ್ಮಾರ್ಥ ಎಂಬ ಪದಕ್ಕೆ ಬೇರೊಂದು ಮುಖವೂ ಇದೆ. ಡಾ. ಅನಿಲ್ ಅವಚಟ್ ಮತ್ತು ಡಾ. ಸುನಂದಾ ಅವಚಟ್ ದಂಪತಿ 1986ರಲ್ಲಿ ಕಟ್ಟಿದ 'ಮುಕ್ತಾಂಗಣ' ವ್ಯಸನಮುಕ್ತಿ ಕೇಂದ್ರಕ್ಕೆ ಮೊದಲ ಆಸರೆಯಾದವರು ಮರಾಠಿ ಲೇಖಕ ಪು.ಲ. ದೇಶಪಾಂಡೆ. ಸ್ಕಿಜೋಫ್ರೇನಿಯಾ ಇರುವವರಿಗೂ ಅವರ ಮನೆಯವರಿಗೂ ಆಸರೆಯಾಗುವ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಹುಟ್ಟಿದ್ದೂ ಪುಣೆಯಲ್ಲಿ. ಅದನ್ನು ಕಟ್ಟಿದ ಡಾ. ಜಗನ್ನಾಥ ವಾಣಿ ವೈದ್ಯರಲ್ಲ, ಕೆನಡಾದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವರು. ಪತ್ನಿಯ ಕಾಯಿಲೆ ಅವರನ್ನು ಈ ಕೆಲಸಕ್ಕೆ ಹಚ್ಚಿತು. ಬೆನ್ನುಹುರಿ ಪೆಟ್ಟಾದ ಸೈನಿಕರಿಗಾಗಿ ಖಡಕಿಯಲ್ಲಿ 1974ರಿಂದ ಪುನರ್ವಸತಿ ಕೇಂದ್ರವಿದೆ.

ಇಂಥ ಕಡೆ ಬೆಡ್ ಲೆಕ್ಕ ಮುಖ್ಯವಲ್ಲ, ಮನೆಯವರು ಮುಖ್ಯ. ಕಾಯಿಲೆ ಒಂದು ವಾರದ್ದಲ್ಲ, ಬದುಕಿನುದ್ದಕ್ಕೂ ಇರುವಂಥದ್ದು. ಅದನ್ನು ಹೊರುವ ತಾಯಿ, ಹೆಂಡತಿ, ಅಣ್ಣ ತಂಗಿಯರಿಗೆ ಯಾರಾದರೂ ಕೂತು ಮಾತಾಡುವವರು ಬೇಕು. ಆ ಕೆಲಸವನ್ನು ಸಣ್ಣ ಸಂಸ್ಥೆಗಳು ದೇಣಿಗೆ ಎತ್ತಿ ಮಾಡುತ್ತಿವೆ. ದೊಡ್ಡ ಧರ್ಮಾರ್ಥ ಆಸ್ಪತ್ರೆಯ ದಾಖಲಾತಿ ವಿಭಾಗದಲ್ಲಿ ಇಂಥವರೊಬ್ಬರಿಗೆ, ಆಸ್ಪತ್ರೆಯ ಸಂಬಳ ಪಡೆಯದವರಿಗೆ, ಒಂದು ಮೇಜು ಕುರ್ಚಿ ಹಾಕಿಕೊಟ್ಟರೆ? ಅರ್ಜಿ ತುಂಬಿಸಲು, ನಿಯಮ ಓದಿ ಹೇಳಲು ಅಷ್ಟೇ ಸಾಕು. ಸಮಿತಿಗಳ ವರದಿಗಿಂತ ಅದು ಅಗ್ಗ.

ಕರ್ನಾಟಕದಲ್ಲಿ ಏನಿದೆ?

ಮಹಾರಾಷ್ಟ್ರದ ಚಾರಿಟಿ ಕಮಿಷನರ್‌ನಂತೆ ಎಲ್ಲ ಸಾರ್ವಜನಿಕ ಟ್ರಸ್ಟ್‌ಗಳ ಮೇಲೆ ನಿಗಾ ಇಡುವ ವ್ಯವಸ್ಥೆ ನಮ್ಮಲ್ಲಿಲ್ಲ. ದೆಹಲಿಯಲ್ಲಿ ಅಗ್ಗದ ಸರ್ಕಾರಿ ಜಮೀನು ಪಡೆದ ಆಸ್ಪತ್ರೆಗಳು ಒಳರೋಗಿಗಳಲ್ಲಿ ಶೇ 10, ಹೊರರೋಗಿಗಳಲ್ಲಿ ಶೇ 25ರಷ್ಟು ಬಡವರಿಗೆ ಉಚಿತ ಚಿಕಿತ್ಸೆ ಕೊಡಲೇಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕರ್ನಾಟಕ ಬೇರೆ ದಾರಿ ಹಿಡಿದಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಹಣ ಸರ್ಕಾರದ್ದು, ಆಸ್ಪತ್ರೆಯ ಧರ್ಮಕ್ಕೆ ಇಲ್ಲಿ ಪರೀಕ್ಷೆ ಇಲ್ಲ. ಆದರೆ ಬಡವರ ಹೆಸರಲ್ಲಿ ಜಮೀನು, ತೆರಿಗೆ ವಿನಾಯಿತಿ ಪಡೆದ ನಮ್ಮ ಟ್ರಸ್ಟ್ ಆಸ್ಪತ್ರೆಗಳು ಪ್ರತಿಯಾಗಿ ಎಷ್ಟು ಕೊಟ್ಟಿವೆ ಎಂದು ಕೇಳುವ ಒಂದು ಕಚೇರಿಯೂ ಇಲ್ಲ.

ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತಂದಾಗ ವೈದ್ಯರು ಬೆಳಗಾವಿ, ಬೆಂಗಳೂರಿನಲ್ಲಿ ಬೀದಿಗಿಳಿದದ್ದು ನೆನಪಿರಬಹುದು. ಜೈಲು ಶಿಕ್ಷೆ, ದರ ನಿಗದಿಯ ಗದ್ದಲದಲ್ಲಿ ಒಂದು ಅಂಶ ಮರೆಗೆ ಸರಿಯಿತು. ತುರ್ತು ಚಿಕಿತ್ಸೆಗೆ ಮುಂಗಡ ಹಣಕ್ಕಾಗಿ ಪಟ್ಟು ಹಿಡಿಯಬಾರದು, ಬಿಲ್ ಬಾಕಿಗಾಗಿ ಶವ ತಡೆಹಿಡಿಯಬಾರದು ಎಂಬುದು ಈ ಕಾಯ್ದೆಯಲ್ಲಿದೆ. ಟ್ರಸ್ಟ್ ಆಸ್ಪತ್ರೆಗೂ ಅನ್ವಯ, ಕಾರ್ಪೊರೇಟ್ ಆಸ್ಪತ್ರೆಗೂ ಅನ್ವಯ. ಮುಂದಿನ ಸಲ ಯಾವುದಾದರೂ ಆಸ್ಪತ್ರೆಗೆ ಹೋದಾಗ ದಾಖಲಾತಿ ಕೌಂಟರ್‌ನ ಗೋಡೆಯನ್ನೊಮ್ಮೆ ನೋಡಿ. ಯಾವ ಕಾರ್ಡ್ ಸ್ವೈಪ್ ಮಾಡಬಹುದು ಎಂಬ ಪಟ್ಟಿ ಖಂಡಿತ ಇರುತ್ತದೆ. ಅದರ ಪಕ್ಕದಲ್ಲಿ ಈ ನಿಯಮ ಬರೆದಿದೆಯೇ?